ಅರೆನಿದ್ದೆಯ ಬೋರ್ಡು, ಮೂರನೆಯ ನೀಲಿ ದಾರ

ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಭೂತಗನ್ನಡಿ ಎಂದೇ. ತಲೆಗೆ ಪಟ್ಟಿ ಬಿಗಿದು, ಅದಕ್ಕೆ ಸಿಕ್ಕಿಸಿದ ದಪ್ಪ ಗಾಜನ್ನು ಮುಖದ ಮುಂದೆ ಇಳಿಸಿಕೊಂಡಳೆಂದರೆ ಅವಳ ಕಣ್ಣುಗಳು ಒಂದೊಂದೂ ಬಟ್ಟಲಿನಷ್ಟಾಗುತ್ತವೆ. ಒಮ್ಮೆ ಹಾಗೆಯೇ ಬಾಗಿಲಿಗೆ ಹೋದಾಗ ಕೊರಿಯರ್‌ನವನು ಪೊಟ್ಟಣವನ್ನು ನೆಲಕ್ಕೆ ಬಿಟ್ಟು, ಸಹಿಯನ್ನೂ ಕೇಳದೆ ಓಡಿದ್ದನಂತೆ. ಹಾಗೆಂದು ಹೇಳುವುದು ಪಕ್ಕದ ಮೇಜಿನ ರೇಡಿಯೋ ಅಣ್ಣ. ಅವನು ಹೇಳಿದ್ದರಲ್ಲಿ ಅರ್ಧ ಕಳೆದರೆ ಉಳಿದದ್ದು ನಿಜ. ಅವನಿಗೆ ಆ ಹೆಸರು ಬಂದದ್ದು ರೇಡಿಯೋ ರಿಪೇರಿ ಮಾಡುತ್ತಾನೆಂದಲ್ಲ, ಬಾಯಿ ಮುಚ್ಚುವುದಿಲ್ಲವೆಂದು.

ಕೆಟ್ಟ ಯಂತ್ರಗಳ ಬೋರ್ಡುಗಳನ್ನು ಸರಿಮಾಡುವ ಅಂಗಡಿ ಅದು. ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಉದ್ದನೆ ಕೋಣೆ. ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ಕೆಳಗೆ ಮೇಜಿನ ಮೇಲಿನ ಸ್ಕ್ರೂಗಳು ಸಣ್ಣಗೆ ಕುಣಿಯುತ್ತವೆ. ಮೂರು ಮೇಜು, ಮೂರು ದೀಪ, ಮೂರು ಬೆಸುಗೆ ಕಡ್ಡಿ. ಮೂರನೆಯ ಮೇಜು ಮೇಷ್ಟ್ರದ್ದು. ಅಂಗಡಿ ಅವರದೇ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಈ ಕೋಣೆಯಲ್ಲಿ ಕೈ ಪಳಗಿಸಿಕೊಂಡು ಹೋದವರು ಊರೆಲ್ಲ ಇದ್ದಾರೆ. ಬಿಳಿ ಅಂಗಿ ಬಿಟ್ಟು ಬೇರೆ ತೊಟ್ಟದ್ದನ್ನು ಕಂಡವರಿಲ್ಲ. ಈ ಕೆಲಸದಲ್ಲಿ ಬಿಳಿ ಅಂಗಿ ಯಾಕೆ ಎಂದರೆ, "ಕೊಳೆ ಎಲ್ಲಿದೆ ಅಂತ ಗೊತ್ತಾಗ್ಬೇಕಲ್ಲ" ಎನ್ನುತ್ತಾರೆ.

ಮೇಷ್ಟ್ರ ಎರಡು ಕಟ್ಟಳೆಗಳು ಅಂಗಡಿಯ ಹುಟ್ಟಿನಷ್ಟೇ ಹಳೆಯವು. ಮೊದಲನೆಯದನ್ನು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ತಾವೇ ಬರೆದಿದ್ದಾರೆ: ಆರಿಸಿ. ಹತ್ತು ಎಣಿಸಿ. ಹಚ್ಚಿ. ಯಾವ ಯಂತ್ರವನ್ನೇ ಆಗಲಿ, ಆರಿಸಿದ ಮೇಲೆ ಹತ್ತು ಎಣಿಸದೆ ಮತ್ತೆ ಸ್ವಿಚ್ ಮುಟ್ಟುವಂತಿಲ್ಲ. ಮೇಷ್ಟ್ರು ಮನಸ್ಸಿನಲ್ಲೇ ಎಣಿಸುತ್ತಾರೆ. ರೇಡಿಯೋ ಅಣ್ಣ ರಾಗ ಹಾಕಿ ಎಣಿಸುತ್ತಾನೆ, ಏಳರ ಹತ್ತಿರ ಆಲಾಪವನ್ನೂ ಎಳೆಯುತ್ತಾನೆ. ಭೂತಗನ್ನಡಿ ಬೆರಳಿನ ಗೆರೆಗಳ ಮೇಲೆ ಎಣಿಸುತ್ತಾಳೆ.

ಎರಡನೆಯದು ದಾರದ ಕಟ್ಟಳೆ. ಸರಿಮಾಡಿದ ಪ್ರತಿಯೊಂದು ಬೋರ್ಡಿಗೂ ಸರಿಮಾಡಿದವರು ತಮ್ಮ ಬಣ್ಣದ ದಾರದ ತುಂಡನ್ನು ಕಟ್ಟಿ ಕಳಿಸಬೇಕು. ಅಣ್ಣನದು ಹಳದಿ, ಅವಳದು ನೀಲಿ. ಅದೇ ಬೋರ್ಡು ಅದೇ ತಕರಾರು ಹೊತ್ತು ವಾಪಸು ಬಂದರೆ ಆ ದಾರವನ್ನು ಬಿಚ್ಚಿ, ಕಟ್ಟಿದವರ ಮೇಜಿನ ಮೇಲಿನ ಮೊಳೆಗೆ ನೇತುಹಾಕುತ್ತಾರೆ. ಬೈಗುಳ ಇಲ್ಲ, ಮುಖ ಊದಿಸುವುದಿಲ್ಲ. ದಾರ ನೇತಾಡುತ್ತಿರುತ್ತದೆ, ಅಷ್ಟೆ. ಫ್ಯಾನ್ ಗಾಳಿಗೆ ಅದು ಅಲ್ಲಾಡಿದಾಗಲೆಲ್ಲ ಕೆಲಸದ ಮೇಲಿನ ಕಣ್ಣು ಅಲ್ಲಿಗೆ ಹೋಗುತ್ತದೆ.

ಮಗಳು ಹುಟ್ಟಿದ ಮೇಲೆ ಒಂದೂವರೆ ವರ್ಷ ಮನೆಯಲ್ಲಿದ್ದು, ಭೂತಗನ್ನಡಿ ಮತ್ತೆ ಮೆಟ್ಟಿಲ ಕೆಳಗಿನ ಕೋಣೆಗೆ ಬಂದದ್ದು ಈ ತಿಂಗಳ ಮೊದಲಿಗೆ. ಆ ದಿನವೇ ಮೇಷ್ಟ್ರು ಹೇಳಿದ್ದರು, "ನೋಡಮ್ಮ, ಕೈಗೆ ಮರೆವು ಬರುತ್ತೆ, ತಪ್ಪಲ್ಲ. ಒಂದು ತಿಂಗಳು ನೋಡೋಣ. ಮೊಳೆ ಮೇಲೆ ಮೂರು ದಾರ ಬಿದ್ರೆ ಮೇಜು ಬೇರೆಯವರಿಗೆ. ಮೊಬೈಲ್ ರಿಪೇರಿಯವನೊಬ್ಬ ಕೇಳ್ತಾ ಇದಾನೆ, ಅವನಿಗೂ ಏನಾದ್ರೂ ಹೇಳ್ಬೇಕಲ್ಲ."

ಅವಳು ಹೂಂ ಎಂದಿದ್ದಳು. ಮೂರು ದಾರ! ಮಗಳು ಹುಟ್ಟುವ ಮುಂಚೆ ನಾಲ್ಕು ವರ್ಷ ಇದೇ ಮೇಜಿನ ಮುಂದೆ ಕೂತವಳು. ಅಷ್ಟರಲ್ಲಿ ಒಟ್ಟು ಎರಡೇ ದಾರ ಬಿದ್ದದ್ದು.

ಈಗ ಇಪ್ಪತ್ತೆರಡು ದಿನದಲ್ಲೇ ಎರಡು ಬಿದ್ದಿದ್ದವು. ಎರಡೂ ಒಂದೇ ಬೋರ್ಡಿನವು. ಮತ್ತು ಆ ಬೋರ್ಡು ದಿಂಬಿನ ಚೀಲದಲ್ಲಿ ಸುತ್ತಿಕೊಂಡು, ಈ ಬೆಳಿಗ್ಗೆ ಮತ್ತೆ ಬಾಗಿಲಲ್ಲಿ ನಿಂತಿತ್ತು.

"ಬಂದೆ ಕಣ್ರಪ್ಪಾ!" ಎಂದು ಒಳಗೆ ನುಗ್ಗಿದವಳು ಲಾಂಡ್ರಿಯಮ್ಮ. ಎರಡು ಬೀದಿ ಆಚೆ ಅವಳ ಬಟ್ಟೆ ಒಗೆಯುವ ಅಂಗಡಿ; ಬೋರ್ಡು ಅಲ್ಲಿನ ಒಗೆಯುವ ಯಂತ್ರದ್ದು. ಅವಳು ನಡೆಯುವುದಿಲ್ಲ, ನುಗ್ಗುತ್ತಾಳೆ. ಮಾತಾಡುವಾಗ ಒಂದು ವಾಕ್ಯದ ಬಾಲ ಇನ್ನೊಂದರ ತಲೆಗೆ ಸಿಕ್ಕಿಕೊಂಡಿರುತ್ತದೆ. "ನಿಮ್ಮ ಮನೇಲಿ ಇದ್ದಾಗ ಇದು ಬಂಗಾರದಂಥ ಮಗು, ನನ್ನ ಮನೆಗೆ ಬಂದ ಕೂಡ್ಲೇ ಪಿಶಾಚಿ. ಒಂದು ಮಾತು ಹೇಳಿಬಿಡಿ, ನನ್ನ ಮುಖ ಕಂಡ್ರೆ ಆಗಲ್ವಾ ಇದಕ್ಕೆ?"

"ಮತ್ತೆ ನಿಂತೋಯ್ತಾ ಅಕ್ಕಾ?" ಎಂದಳು ಭೂತಗನ್ನಡಿ.

"ನಿಂತೋಯ್ತಾ ಅಂತ ಕೇಳ್ತೀಯಲ್ಲ ತಾಯಿ! ಅಂಕಿ ಬರೋ ಜಾಗದಲ್ಲಿ ಚಕ್ಕುಲಿ ಚಕ್ಕುಲಿ ಥರ ಏನೋ ಬರುತ್ತೆ. ಬಾಗಿಲು ಬೀಗ ಹಾಕ್ಕೊಂಡು ಕೂರುತ್ತೆ. ನಿನ್ನೆ ವಕೀಲರ ಕರಿ ಕೋಟು ಒಳಗೆ ಸಿಕ್ಕಾಕ್ಕೊಂಡು ಎರಡು ಗಂಟೆ ಜೈಲಲ್ಲಿತ್ತು. ಪುಣ್ಯಾತ್ಮ ಅಂಗಡೀಲೇ ಕೂತು ಗಾಜಿನೊಳಗೆ ತನ್ನ ಕೋಟನ್ನೇ ನೋಡ್ತಾ ಇದ್ರು. ಜಾಮೀನು ಯಾವಾಗ ಸಿಗುತ್ತೆ ಅಂತ ಅವರೇ ಕೇಳಿದ್ರು!"

ರೇಡಿಯೋ ಅಣ್ಣ ನಗು ತಡೆಯಲಾರದೆ ಮೇಜಿನ ಕೆಳಗೆ ಏನೋ ಬಿದ್ದವನಂತೆ ಬಗ್ಗಿದ.

ಮೇಷ್ಟ್ರು ಎದ್ದು ಬಂದರು. ಬೋರ್ಡನ್ನು ಮೇಜಿನ ಮೇಲಿಟ್ಟು, ಅಂಕಿ ತೋರಿಸುವ ಪಟ್ಟಿಯನ್ನು ಜೋಡಿಸಿ, ಸ್ವಿಚ್ ಹಾಕಿದರು. ಮೂರು ಸೊನ್ನೆಗಳು ಮುದ್ದಾಗಿ ಮೂಡಿದವು. ಆರಿಸಿದರು. ಮೂವರೂ ತಂತಮ್ಮ ರೀತಿಯಲ್ಲಿ ಹತ್ತು ಎಣಿಸಿದರು. ಹಚ್ಚಿದರು. ಮತ್ತೆ ಮೂರು ಸೊನ್ನೆ. ಹೀಗೆ ಎಂಟು ಸಲ.

"ನೋಡಿ, ನೋಡಿ, ಹೇಗೆ ನಾಟಕ ಆಡ್ತಿದೆ!" ಎಂದಳು ಲಾಂಡ್ರಿಯಮ್ಮ. ಅವಳಿಗೆ ನಿಲ್ಲಲು ಪುರುಸೊತ್ತಿರಲಿಲ್ಲ. "ನಾಳೆ ಬೆಳಿಗ್ಗೆ ಬೇಕು. ಆಗ್ಲಿಲ್ಲ ಅಂದ್ರೆ ಹೇಳಿಬಿಡಿ, ಬೇಜಾರಿಲ್ಲ, ಬೇರೆ ಕಡೆ ಹೋಗ್ತೀನಿ" ಎಂದು ಬಂದ ವೇಗದಲ್ಲೇ ಹೊರಟುಹೋದಳು.

ಮೇಷ್ಟ್ರು ಬೋರ್ಡಿಗೆ ಕಟ್ಟಿದ್ದ ನೀಲಿ ದಾರವನ್ನು ಬಿಚ್ಚಿದರು. ಮೊಳೆಯ ಕಡೆ ನೋಡಿದರು. ಆಮೇಲೆ ಅವಳ ಕಡೆ ನೋಡದೆ, ದಾರವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. "ನಾಳೆ ಸಂಜೆವರೆಗೂ ಇಲ್ಲೇ ಇರ್ಲಿ."

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅದೂ ಆ ಬೋರ್ಡಿನ ಮೇಲೆ. ಏನು ಕಡಿಮೆ ಮಾಡಿದ್ದಳು ಅದಕ್ಕೆ?

ತಕರಾರಿನ ಜಾಗ ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಇಂಥ ಬೋರ್ಡಿನ ನಡುವೆ ಲೆಕ್ಕ ಮಾಡುವ ಒಂದು ಚಿಪ್ಪು ಇರುತ್ತದೆ. ವಿದ್ಯುತ್ತು ಬಂದ ಕೂಡಲೇ ಅದು ಕೆಲಸಕ್ಕೆ ಹಾರಬಾರದು. ವಿದ್ಯುತ್ತು ಸೊನ್ನೆಯಿಂದ ಏರಿ ಒಂದು ಹದಕ್ಕೆ ಬಂದು ನಿಲ್ಲಲು ಕಣ್ಣು ಮಿಟುಕಿಸುವಷ್ಟು ಹೊತ್ತು ಹಿಡಿಯುತ್ತದೆ. ಆ ಏರುದಾರಿಯಲ್ಲೇ ಚಿಪ್ಪು ಎದ್ದು ಓಡಿದರೆ ಬಾಯಿಗೆ ಬಂದದ್ದನ್ನು ಒದರುತ್ತದೆ. ಅದಕ್ಕೇ ಚಿಪ್ಪಿಗೆ ರೀಸೆಟ್ ಎಂಬ ಒಂದು ಕಾಲು. ಆ ಕಾಲಿನ ಮೇಲೆ ಒತ್ತಡ ಏರುವ ತನಕ ಚಿಪ್ಪು ಕದಲುವುದಿಲ್ಲ; ಹೆಗಲ ಮೇಲೆ ಯಾರೋ ಕೈಯಿಟ್ಟು "ತಡಿ ಮರಿ, ಇನ್ನೂ ಸ್ವಲ್ಪ ತಡಿ" ಎಂದ ಹಾಗೆ. ಕೈಯಿಡುವವರು ಇಬ್ಬರು: ಒಂದು ರೆಸಿಸ್ಟರು, ಒಂದು ಕೆಪಾಸಿಟರು. ಕೆಪಾಸಿಟರು ಒಂದು ಬಕೆಟ್ಟು, ರೆಸಿಸ್ಟರು ಸಣ್ಣಗೆ ತಿರುಗಿಸಿದ ನಲ್ಲಿ. ಬಕೆಟ್ಟು ತುಂಬಿ ಗೆರೆ ಮುಟ್ಟಿದಾಗ ಹೆಗಲ ಮೇಲಿನ ಕೈ ಸರಿಯುತ್ತದೆ, ಚಿಪ್ಪು ಮೊದಲಿಂದ, ಅಚ್ಚುಕಟ್ಟಾಗಿ ಕೆಲಸ ಶುರುಮಾಡುತ್ತದೆ. ಗಡಿಯಾರವಿಲ್ಲದೆ ಹೊತ್ತು ಅಳೆಯುವ ಎಷ್ಟು ಅಗ್ಗದ ಉಪಾಯ ಎಂದು ಕಲಿಯುವ ಕಾಲದಲ್ಲೇ ಅವಳು ಬೆರಗಾಗಿದ್ದಳು.

ಮೊದಲ ಸಲ ಬಂದಾಗ ಬೋರ್ಡಿನ ಆ ಬಕೆಟ್ಟು ವಯಸ್ಸಾಗಿ ಒಣಗಿತ್ತು. ಬೇಗ ತುಂಬಿ ಕೈ ಬೇಗ ಸರಿಯುತ್ತಿತ್ತು. ಹೊಸದು ಹಾಕಿದಳು. ಬೆಳಿಗ್ಗೆ ಹಚ್ಚುವಾಗಿನ ತಕರಾರು ಹೋಯಿತು, ಆದರೆ ನಡುಮಧ್ಯಾಹ್ನ ನಿಲ್ಲುತ್ತದೆಂದು ಮತ್ತೆ ಬಂತು. ಕಾಯುವ ಹೊತ್ತು ಸಾಲದೇನೋ ಎಂದು ಎರಡನೆಯ ಸಲ ಹತ್ತು ಪಟ್ಟು ದೊಡ್ಡ ಬಕೆಟ್ಟು ಹಾಕಿದಳು. ಅದೂ ಮರಳಿ ಬಂದಾಗ ಮೂರನೆಯ ಸಲ ಸುತ್ತಲಿನ ಬೆಸುಗೆಗಳನ್ನೆಲ್ಲ ಹೊಸದಾಗಿ ಹಾಕಿ ಕಳಿಸಿದಳು. ದೊಡ್ಡ ಬಕೆಟ್ಟು ಹಾಕಿದಾಗಿನಿಂದ ನಿಲ್ಲುವುದು ಇನ್ನೂ ಹೆಚ್ಚಾಗಿದೆ. ಹೆಚ್ಚು ಕಾಯಿಸಿದರೆ ಹೆಚ್ಚು ಕೆಡುವುದೆಂದರೆ ಇದೆಂಥ ನ್ಯಾಯ?

ತಲೆ ಬಿಸಿಯಾಗಿಯೇ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಳು. ಮನೆ ಹತ್ತು ನಿಮಿಷದ ನಡಿಗೆ. ಬೀದಿಯ ತಿರುವಿನಲ್ಲೇ ಪಿಟೀಲಿನ ದನಿ ಕೇಳಿಸಿತು. ಪಿಟೀಲು ಎಂದರೆ ಅವಳ ಮಗಳು. ಹುಟ್ಟಿದ ದಿನ ಅದರ ಅಳು ಕೇಳಿ ಅಜ್ಜ ಇಟ್ಟ ಅಡ್ಡಹೆಸರು. ನಿಜವಾದ ಹೆಸರು ಇನ್ನೂ ಕಪಾಟಿನಲ್ಲಿರುವ ಕಾಗದದ ಮೇಲಷ್ಟೇ ಇದೆ.

ಪಿಟೀಲು ನೆಲದ ಮೇಲೆ ಅಂಗಾತ ಬಿದ್ದು ಕಾಲು ಝಾಡಿಸುತ್ತಿತ್ತು. ಹಾಲು ಬೇಡ, ಗೊಂಬೆ ಬೇಡ, ಎತ್ತಿಕೊಂಡರೆ ಇಳಿಸು, ಇಳಿಸಿದರೆ ಎತ್ತು. ಅತ್ತೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಗೋಡೆಗೊರಗಿದ್ದರು.

"ಏನಾಯ್ತು ಅತ್ತೆ?"

"ಆಗೋದೇನು. ಮಲಗಿ ಹತ್ತು ನಿಮಿಷ ಆಗಿತ್ತೋ ಇಲ್ವೋ, ಆ ಗ್ಯಾಸಿನವನು ಬಂದು ಸಿಲಿಂಡರ್ ದಬ್ಬ್ ಅಂತ ಇಳಿಸ್ದ. ಎದ್ದುಬಿಡ್ತು. ಪೂರ್ತಿ ಮಲಗಿ ಎದ್ರೆ ದೇವತೆ. ಮಲಗ್ದೇ ಇದ್ರೂ ಹೇಗೋ ಸಂಭಾಳಿಸ್ಬೋದು. ಈ ಅರ್ಧ ನಿದ್ದೆ ಇದೆಯಲ್ಲ, ಇದು ನನ್ನ ಪ್ರಾಣ ತಿನ್ನುತ್ತೆ. ಎದ್ದಿದೆ ಅಂದ್ರೆ ಎದ್ದಿಲ್ಲ, ಮಲಗಿದೆ ಅಂದ್ರೆ ಮಲಗಿಲ್ಲ. ನಿನ್ನ ಗಂಡನೂ ಹೀಗೇ ಇದ್ದ."

ಭೂತಗನ್ನಡಿ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಬೆನ್ನು ತಟ್ಟುತ್ತ ಕೋಣೆಯಲ್ಲಿ ಅತ್ತಿಂದಿತ್ತ ನಡೆದಳು. ಈಗ ಮಾಡಬೇಕಾದದ್ದು ಒಂದೇ, ಅದು ಅವಳಿಗೆ ಗೊತ್ತು: ಎಬ್ಬಿಸಲು ಹೋಗಬಾರದು. ಪೂರ್ತಿ ಮಲಗಿಸಬೇಕು. ಆಮೇಲೆ ಎದ್ದರೆ ಸರಿಹೋಗುತ್ತದೆ.

ಕಿಟಕಿಯ ಹತ್ತಿರ ಬಂದವಳು ಅಲ್ಲೇ ನಿಂತಳು. ಪೂರ್ತಿ ಮಲಗಬೇಕು. ಹತ್ತು ಎಣಿಸಿದರೆ ಬೋರ್ಡು ಪೂರ್ತಿ ಮಲಗುತ್ತದೆ, ಬಕೆಟ್ಟು ಖಾಲಿಯಾಗುತ್ತದೆ. ಎಣಿಸದಿದ್ದರೆ? ಲಾಂಡ್ರಿಯಲ್ಲಿ ಅದನ್ನು ಅರ್ಧ ನಿದ್ದೆಯಲ್ಲಿ ಎಬ್ಬಿಸುವ ಗ್ಯಾಸಿನವನು ಯಾರು?

"ಅತ್ತೆ, ಲಾಂಡ್ರಿಯಮ್ಮನ ಪಕ್ಕದಲ್ಲಿ ಹೊಸದಾಗಿ ಯಾವುದಾದ್ರೂ ಅಂಗಡಿ ಬಂದಿದೆಯಾ?"

"ಗೇಟು ಮಾಡೋರದು. ಅದೇ ಚರ್ ಚರ್ ಅಂತ ಕಿಡಿ ಹಾರಿಸ್ತಾರಲ್ಲ, ವೆಲ್ಡಿಂಗು. ಅವರು ಬಂದಾಗಿಂದ ಆ ಬೀದೀಲಿ ಲೈಟು ಕಣ್ಣು ಹೊಡೆಯೋದೇ ಹೊಡೆಯೋದು. ಯಾಕೆ? ಊಟ ಬಡಿಸ್ಲಾ?"

"ಬಡಿಸಿ, ಬಡಿಸಿ. ಬೇಗ."

ಊಟ ಎಂದರೆ ನಾಲ್ಕು ತುತ್ತು. ಪಿಟೀಲು ಹೆಗಲ ಮೇಲೇ ನಿದ್ದೆಹೋಗಿತ್ತು. ಮಲಗಿಸಿ, ಬಾಗಿಲಿಗೆ ಚಿಲಕ ಹಾಕಿಕೊಳ್ಳಿ, ಗ್ಯಾಸಿನವನ ಅಪ್ಪ ಬಂದರೂ ತೆಗೆಯಬೇಡಿ ಎಂದು ಅತ್ತೆಗೆ ಹೇಳಿ ಅಂಗಡಿಗೆ ಹೆಚ್ಚುಕಡಿಮೆ ಓಡಿದಳು. ಲಾಂಡ್ರಿಯಮ್ಮ ನೋಡಿದ್ದರೆ ಮೆಚ್ಚುತ್ತಿದ್ದಳು.

ಬೋರ್ಡಿಗೆ ತಂತಿ ಜೋಡಿಸಿದಳು. ಸ್ವಿಚ್ ಹಾಕಿದಳು. ಮೂರು ಸೊನ್ನೆ. ಆರಿಸಿದಳು, ಚಿಟಿಕೆ ಹೊಡೆಯುವಷ್ಟರಲ್ಲಿ ಮತ್ತೆ ಹಾಕಿದಳು.

ರೇಡಿಯೋ ಅಣ್ಣನ ಬೆಸುಗೆ ಕಡ್ಡಿ ಗಾಳಿಯಲ್ಲೇ ನಿಂತಿತು. "ಏಯ್! ಎಣಿಸ್ಲೇ ಇಲ್ಲ!"

ಆರಿಸು, ಹಾಕು. ಮೂರು ಸೊನ್ನೆ.

"ಮೇಷ್ಟ್ರೇ, ಇವಳಿಗೆ ಏನೋ ಆಗಿದೆ ನೋಡಿ! ಗೋಡೆ ಓದಮ್ಮಾ, ಗೋಡೆ!"

ಆರಿಸು, ಹಾಕು. ಮೂರು ಸೊನ್ನೆ. ಅವಳ ಕಿವಿ ಬಿಸಿಯಾಯಿತು. ಮೇಷ್ಟ್ರು ಹಿಂದೆ ಬಂದು ನಿಂತದ್ದು ಅವರ ಅಂಗಿಯ ಸೋಪಿನ ವಾಸನೆಯಿಂದಲೇ ತಿಳಿಯಿತು. ಇನ್ನೊಂದು ಸಲ. ಆರಿಸು, ಹಾಕು.

ಸೊನ್ನೆಗಳು ಬರಲಿಲ್ಲ. ಮುರಿದ ಬಳೆ ಚೂರುಗಳಂಥ ಗೆರೆಗಳು ಪಟ್ಟಿಯ ಮೇಲೆ ಮೂಡಿ ಹಾಗೆಯೇ ನಿಂತುಬಿಟ್ಟವು. ಬಾಗಿಲಿಗೆ ಬೀಗ ಬಿದ್ದಿದೆ ಎನ್ನುವ ಕೆಂಪು ದೀಪ ಹತ್ತಿಕೊಂಡಿತು. ಯಾವ ಗುಂಡಿ ಒತ್ತಿದರೂ ಕ್ಯಾರೇ ಎನ್ನಲಿಲ್ಲ.

"ಪಿಶಾಚಿ!" ಎಂದ ರೇಡಿಯೋ ಅಣ್ಣ, ಭಕ್ತಿಯಿಂದ.

ಮೇಷ್ಟ್ರು ತಮ್ಮ ಮುಳ್ಳಿನ ಮೀಟರನ್ನು ತಾವೇ ತಂದಿಟ್ಟರು. ಅವಳು ಅದರ ಮೊನೆಗಳನ್ನು ಕೆಪಾಸಿಟರಿನ ಎರಡು ಕಾಲಿಗೆ ಒತ್ತಿಹಿಡಿದಳು. ಅಣ್ಣ ಸ್ವಿಚ್ ಆರಿಸಿದ. ಬೋರ್ಡಿನ ದೀಪವೆಲ್ಲ ಆರಿದ ಮೇಲೂ ಮುಳ್ಳು ಕೆಳಗೆ ಬೀಳಲಿಲ್ಲ. ಊಟವಾದ ಮೇಲೆ ಎದ್ದು ಹೋಗಲು ಮನಸ್ಸಿಲ್ಲದ ನೆಂಟನಂತೆ ನಿಧಾನವಾಗಿ, ನಿಧಾನವಾಗಿ ಇಳಿಯಿತು.

"ನೋಡಿ ಮೇಷ್ಟ್ರೇ. ನಲ್ಲಿ ಸಣ್ಣದು. ತುಂಬೋದೂ ಅದರಲ್ಲೇ, ಖಾಲಿ ಆಗೋದೂ ಅದರಲ್ಲೇ. ಲೈಟು ಒಂದು ಸಲ ಕಣ್ಣು ಮಿಟುಕಿಸಿದ್ರೆ ಚಿಪ್ಪಿಗೆ ತಲೆ ತಿರುಗುತ್ತೆ, ಆದ್ರೆ ಬಕೆಟ್ಟಲ್ಲಿ ನೀರು ಇನ್ನೂ ಗೆರೆ ಮೇಲೇ ಇರುತ್ತೆ. ಆಗ್ಲೇ ವಿದ್ಯುತ್ತು ವಾಪಸು ಬಂದ್ರೆ ಹೆಗಲ ಮೇಲೆ ಕೈ ಇಡೋರೇ ಇಲ್ಲ. ಚಿಪ್ಪು ಅರೆನಿದ್ದೇಲೇ ಓಡುತ್ತೆ. ನಾನು ದೊಡ್ಡ ಬಕೆಟ್ಟು ಇಟ್ಟು ಖಾಲಿ ಆಗೋದನ್ನ ಇನ್ನೂ ತಡ ಮಾಡ್ದೆ."

"ನಮ್ಮಲ್ಲಿ ಯಾಕೆ ಒಂದು ದಿನವೂ ಕಾಣ್ಲಿಲ್ಲ?" ಎಂದು ಕೇಳಿದ ಅಣ್ಣ. ಕೇಳಿದ ಮೇಲೆ ತಾನೇ ಗೋಡೆಯ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ.

ಕೆಂಪು ಅಕ್ಷರಗಳು ಎಂದಿನಂತೆ ಹೊಳೆಯುತ್ತಿದ್ದವು. ಹತ್ತು ಎಣಿಸಿ, ಬೋರ್ಡನ್ನು ಹಾಯಾಗಿ ಮಲಗಿಸಿ, ಎಬ್ಬಿಸಿ, "ಎಷ್ಟು ಒಳ್ಳೆಯ ಮಗು" ಎಂದು ಮೂವರೂ ಸರ್ಟಿಫಿಕೇಟ್ ಕೊಡುತ್ತಿದ್ದರು. ಮೇಲಾಗಿ ಅಂಗಡಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಪೆಟ್ಟಿಗೆ ಬೇರೆ ಇತ್ತು. ಇಲ್ಲಿ ದೀಪ ಕಣ್ಣು ಮಿಟುಕಿಸುವ ಮಾತೇ ಇರಲಿಲ್ಲ.

ಮೇಷ್ಟ್ರು ಬಗ್ಗಿ ಬೋರ್ಡನ್ನು ನೋಡಿದರು. "ಇಲ್ಲಿ ಎರಡು ತೂತು ಖಾಲಿ ಇದಾವಲ್ಲ."

ಅವಳು ಗಾಜು ಇಳಿಸಿದಳು. ರೆಸಿಸ್ಟರಿನ ಮಗ್ಗುಲಲ್ಲೇ ಎರಡು ತೂತು, ನಡುವೆ ಬಾಣದ ಗುರುತು. ಅಲ್ಲಿ ಒಂದು ಡಯೋಡು ಕೂರಬೇಕಿತ್ತು. ಒಂದೇ ದಿಕ್ಕಿಗೆ ಹರಿಯಬಿಡುವ ಬಾಗಿಲು ಅದು. ಬಕೆಟ್ಟು ತುಂಬುವಾಗ ಮುಚ್ಚಿಕೊಂಡಿರುತ್ತದೆ. ವಿದ್ಯುತ್ತು ಕುಸಿದ ತಕ್ಷಣ ತೆರೆದುಕೊಂಡು ಇಡೀ ಬಕೆಟ್ಟನ್ನು ಬುಡಮೇಲು ಮಾಡುತ್ತದೆ. ಬೋರ್ಡನ್ನು ಯೋಚಿಸಿ ಗೆರೆ ಹಾಕಿದವರು ಅದಕ್ಕೆ ಜಾಗ ಬಿಟ್ಟಿದ್ದರು, ಜೋಡಿಸಿದವರು ಹಾಕಿರಲಿಲ್ಲ. ಮರೆತರೋ, ಒಂದು ಚೂರು ಉಳಿಸಿದರೋ ದೇವರೇ ಬಲ್ಲ.

"ಈಗಿನ ಹೊಸ ಬೋರ್ಡಲ್ಲಾದ್ರೆ ಮೂರು ಕಾಲಿನ ಕಾವಲುಗಾರ ಚಿಪ್ಪೇ ಬರುತ್ತೆ" ಎಂದ ಅಣ್ಣ. "ಅದು ವಿದ್ಯುತ್ತಿನ ಮಟ್ಟ ತಾನೇ ನೋಡ್ಕೊಂಡು, ಒಂಚೂರು ಇಳಿದ್ರೂ ರೀಸೆಟ್ ಕಾಲು ಅಮುಕಿ ಹಿಡಿಯುತ್ತೆ. ತರಿಸ್ಲಾ? ಹದಿನೈದು ದಿನ."

"ಹದಿನೈದು ದಿನ ವಕೀಲರು ಕೋಟಿಲ್ಲದೆ ಓಡಾಡ್ಲಾ?" ಎಂದಳು ಅವಳು.

ಡಬ್ಬಿಯಿಂದ ಅಕ್ಕಿಕಾಳಿನಷ್ಟು ದಪ್ಪದ ಡಯೋಡು ತೆಗೆದು ಕೂರಿಸಿದಳು. ದೊಡ್ಡ ಕೆಪಾಸಿಟರನ್ನು ಕಿತ್ತು ಮೊದಲಿನ ಅಳತೆಯದನ್ನೇ ಹಾಕಿದಳು. ಆಮೇಲೆ ಅಂಗಡಿಯ ಇತಿಹಾಸದಲ್ಲೇ ಮೊದಲ ಸಲ ಮೂವರೂ ಸರದಿಯಂತೆ ನಿಂತು, ಒಂದೂ ಎಣಿಸದೆ, ಸ್ವಿಚ್ಚನ್ನು ಟಕಟಕ ಆಡಿಸಿದರು. ಅಣ್ಣ ತಾಳ ಹಾಕಿ ಆಡಿಸಿದ. ಮೇಷ್ಟ್ರು ಮೊದಲು ಎರಡು ಸಲ ತಪ್ಪಿ ಎಣಿಸಿಬಿಟ್ಟರು. ನೂರು ಸಲವೂ ಮೂರು ಸೊನ್ನೆ.

ಆದರೆ ದಾರ ಇನ್ನೂ ಮೇಷ್ಟ್ರ ಜೇಬಿನಲ್ಲೇ ಇತ್ತು. "ಇಲ್ಲಿ ಚೆನ್ನಾಗಿರೋದನ್ನ ಆಗ್ಲೇ ಮೂರು ಸಲ ನೋಡಿದೀವಿ" ಎಂದರು ಅವರು. ಅದರಲ್ಲಿ ಕುಹಕ ಇರಲಿಲ್ಲ. ಅವಳೂ ಅದನ್ನೇ ಯೋಚಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳೇ ಬೋರ್ಡು ಹಿಡಿದು ಲಾಂಡ್ರಿಗೆ ಹೋದಳು. ಹಿಂದೆಯೇ ಮೇಷ್ಟ್ರೂ ಬಂದರು, ಕಂಕುಳಲ್ಲಿ ಒಗೆಯಲು ಕೊಡುವ ಅಂಗಿಗಳ ಗಂಟು. ಬೋರ್ಡು ಕೂರಿಸಿ, ಹಾಸಿಗೆ ಹೊದಿಕೆಗಳನ್ನು ತುಂಬಿ ಯಂತ್ರ ಓಡಿಸಿದರು. ಗಾಜಿನ ಹಿಂದೆ ನೊರೆ ತಿರುಗತೊಡಗಿತು.

ಹತ್ತು ನಿಮಿಷವಾಯಿತು. ಪಕ್ಕದ ಅಂಗಡಿಯಿಂದ ಸದ್ದೇ ಇಲ್ಲ.

"ಇವತ್ತು ಯಾಕೆ ಇವನು ಮೌನವ್ರತ ಹಿಡಿದ?" ಎಂದು ಲಾಂಡ್ರಿಯಮ್ಮ ಹೊರಗೆ ನುಗ್ಗಿ ಕೂಗಿದಳು, "ಏನಪ್ಪಾ ಗೇಟಪ್ಪಾ! ಕಿಡಿ ಹಾರ್ಸು ಸ್ವಲ್ಪ!"

ವೆಲ್ಡಿಂಗ್‌ನವನು ಮುಖದ ಕವಚ ಮೇಲೆತ್ತಿ ಇಣುಕಿದ. "ದಿನಾ ಬೈತೀರಿ, ಇವತ್ತು ಹಾರ್ಸು ಅಂತೀರಿ. ಹುಷಾರಾಗಿದೀರಾ ಅಕ್ಕಾ?"

"ಮಾತು ಬೇಡ, ಹಾರ್ಸು!"

ಚರ್ರ್! ಗೋಡೆಯಾಚೆ ನೀಲಿ ಬೆಳಕು. ಲಾಂಡ್ರಿಯ ದೀಪಗಳು ಕುಗ್ಗಿ ಹಿಗ್ಗಿದವು. ಯಂತ್ರದ ಅಂಕಿಗಳು ಅಳಿಸಿಹೋದವು. ಭೂತಗನ್ನಡಿ ತನಗರಿವಿಲ್ಲದೆ ಬೆರಳಿನ ಗೆರೆ ಎಣಿಸತೊಡಗಿದ್ದಳು. ಒಂದು ಎನ್ನುವಷ್ಟರಲ್ಲೇ ಮೂರು ಸೊನ್ನೆಗಳು ಬಂದು ಕೂತವು. ನೀರು ಬಸಿದು ಬಾಗಿಲಿನ ಬೀಗ ಟಕ್ಕೆಂದು ಬಿಚ್ಚಿಕೊಂಡಿತು.

"ನೀವು ಮತ್ತೆ ಮೊದ್ಲಿಂದ ಶುರು ಮಾಡ್ಬೇಕಾಗುತ್ತೆ ಅಕ್ಕಾ. ದೀಪ ಹೋಗೋದನ್ನ ನಾನು ತಡೆಯೋಕಾಗಲ್ಲ" ಎಂದಳು ಅವಳು.

"ಮೊದ್ಲಿಂದ ತಾನೇ? ನಾನು ಜೀವನದಲ್ಲಿ ಎಷ್ಟು ಸಲ ಮೊದ್ಲಿಂದ ಶುರು ಮಾಡಿಲ್ಲ! ಬಾಗಿಲು ತೆಗೀತಲ್ಲ, ಸಾಕು. ಇನ್ನೊಂದ್ ಸಲ ನೋಡೋಣ. ಗೇಟಪ್ಪಾ!"

ಗೇಟಪ್ಪ ಇಪ್ಪತ್ತು ಸಲ ಕಿಡಿ ಹಾರಿಸಿದ. ಇಪ್ಪತ್ತು ಸಲವೂ ಸೊನ್ನೆಗಳು ಮರಳಿ ಬಂದವು. ಕೊನೆಗೆ ಅವನೇ ಬಂದು, "ಹಾಗೇ ಸುಮ್ನೆ ಸುಡೋದ್ಯಾಕೆ ಅಂತ ಒಂದು ಕಬ್ಬಿಣದ ತುಂಡಿಗೆ ಇನ್ನೊಂದನ್ನ ಅಂಟಿಸ್ತಾ ಹೋದೆ. ಈಗ ಅದು ಏನು ಅಂತ ನಂಗೇ ಗೊತ್ತಾಗ್ತಿಲ್ಲ. ನಿಮಗೇ ಇಟ್ಕೊಳಿ" ಎಂದು ಹುಣಸೆಮರದ ಕೊಂಬೆಯಂಥದೊಂದನ್ನು ಕೊಟ್ಟು ಹೋದ. ಲಾಂಡ್ರಿಯಮ್ಮ ಅದಕ್ಕೆ ಆಗಲೇ ಎರಡು ಕೋಟು ನೇತುಹಾಕಿದಳು.

ಅಂಗಡಿಗೆ ಮರಳಿದ ಮೇಲೆ ಮೇಷ್ಟ್ರು ಮೊಳೆಯ ಮೇಲಿನ ಎರಡು ದಾರಗಳಿಗೆ ಕೈ ಹಾಕಿದರು. "ಇವನ್ನೂ ತೆಗೆದುಬಿಡ್ತೀನಿ. ಮೇಜು ನಿನ್ನದೇ. ಮೊಬೈಲ್‌ನವನಿಗೆ ಫೋನ್ ಮಾಡಿ ಹೇಳ್ತೀನಿ."

"ಒಂದು ಇರ್ಲಿ ಮೇಷ್ಟ್ರೇ" ಎಂದಳು ಅವಳು. "ಎರಡನೇದು. ದೊಡ್ಡ ಬಕೆಟ್ಟಿನದು. ಅದು ನನ್ನದೇ ತಪ್ಪು. ಕಣ್ಣೆದುರಿಗಿದ್ರೆ ಒಳ್ಳೇದು."

ಮೇಷ್ಟ್ರು ಒಂದು ದಾರ ಬಿಟ್ಟು ಒಂದನ್ನು ತೆಗೆದರು. ಆಮೇಲೆ ಕೆಂಪು ಬಣ್ಣದ ಡಬ್ಬಿ ಹುಡುಕಿ, ಕುರ್ಚಿ ಹತ್ತಿ, ಗೋಡೆಯ ಬರಹದ ಕೆಳಗೆ ಇನ್ನೊಂದು ಸಾಲು ಬರೆದರು: ಕೊಡುವ ಮುಂಚೆ ಒಮ್ಮೆ ಎಣಿಸದೆಯೂ ಹಚ್ಚಿ ನೋಡಿ. ಬಣ್ಣ ಹಳೆಯದಾಗಿದ್ದರಿಂದ ಕೊನೆಯ ಅಕ್ಷರ ಇಳಿಜಾರಿಗೆ ಸೋರಿತು.

ಮೂರನೆಯ ದಾರ ಎಲ್ಲಿ ಎಂದು ಯಾರಿಗೂ ನೆನಪಾಗಲಿಲ್ಲ. ಎರಡು ದಿನ ಬಿಟ್ಟು ಲಾಂಡ್ರಿಯಿಂದ ಮೇಷ್ಟ್ರ ಅಂಗಿಗಳು ಮಡಿಕೆ ಹಾಕಿ ಬಂದವು. ಅದರಲ್ಲೊಂದರ ಎದೆಯ ಜೇಬಿನ ಮೇಲೆ ಬೊಗಸೆಯಷ್ಟು ಅಗಲ ತಿಳಿನೀಲಿ. ಜೇಬಿನೊಳಗೆ ಬಣ್ಣ ಕಳೆದುಕೊಂಡು ಬೆಳ್ಳಗಾದ ದಾರದ ತುಂಡು.

"ಅಯ್ಯೋ, ಇನ್ನೊಂದ್ಸಲ ಒಗೆದುಕೊಡ್ತೀನಿ, ಬಿಡುತ್ತೆ" ಎಂದು ಲಾಂಡ್ರಿಯಮ್ಮ ಹೇಳಿಕಳಿಸಿದಳು.

ಮೇಷ್ಟ್ರು ಬೇಡವೆಂದರು. ಪ್ರತಿ ವಾರ ಒಂದು ದಿನ ಆ ಅಂಗಿಯನ್ನೇ ತೊಟ್ಟು ಬರುತ್ತಾರೆ. ಆ ದಿನ ರೇಡಿಯೋ ಅಣ್ಣ ತುಸು ಮೆಲ್ಲಗೆ ಮಾತಾಡುತ್ತಾನೆ. ಭೂತಗನ್ನಡಿ ಗಾಜನ್ನು ಮೇಲೆ ಸರಿಸಿ, ಗಂಟೆ ಎರಡಾಯಿತೇ ಎಂದು ಗಡಿಯಾರ ನೋಡುತ್ತಾಳೆ. ಅದು ಪಿಟೀಲು ನಿದ್ದೆ ಮುಗಿಸಿ ಏಳುವ ಹೊತ್ತು. ಅತ್ತೆ ಬಾಗಿಲಿಗೆ ಈಗ ಎರಡು ಚಿಲಕ ಹಾಕುತ್ತಾರೆ.